ಪದಚರ್ಚೆ: ಡಿಸ್ಟ್ರಿಬ್ಯೂಟರಿನ 'ಅಡ್ವಾನ್ಸ್' ಮುಂದೆಯೋ, ಮುಂಚೆಯೋ?

ಗೆಳೆಯರೇ,

ಇಂಜಿನ್ನಿನ 'ಅಡ್ವಾನ್ಸ್'ಗೆ ಕನ್ನಡದ ಒಂದು ಪದ ಸಿಗದೆ ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ನಮ್ಮಣ್ಣನ ಮಗ ಅಮೆರಿಕದ ಮಿಶಿಗನ್‌ನಲ್ಲಿದ್ದಾನೆ. 1972ರ ಶೆವ್ರೊಲೆ ಪಿಕಪ್ ಕೊಂಡು, ಅದಕ್ಕೆ 1990ರ ಪಿಕಪ್ಪಿನ 350 (ಘನ ಇಂಚಿನ) ಇಂಜಿನ್ ಕೂರಿಸುತ್ತಿದ್ದಾನೆ. ಅದಕ್ಕಿದ್ದ, ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಕಿತ್ತು, ಪೆಟ್ರೋಲಿಗೆ ಗಾಳಿ ಬೆರೆಸುವ ಹಳೇ ನಮೂನೆಯ ಕಾರ್ಬುರೇಟರ್ ಹಾಕಿದ. ಸರಿ, ಸಿಲಿಂಡರುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಯಾವುದು ಹಾಕೋದು? ತಿಪಟೂರಿನಲ್ಲಿ ಮೂವತ್ತು ವರ್ಷ ಗ್ಯಾರೇಜು ನಡೆಸಿದ ಅಪ್ಪನಿಗೆ, ಅಂದರೆ ನಮ್ಮಣ್ಣನಿಗೆ, ವಿಡಿಯೊ ಕಾಲ್ ಮಾಡಿದ. ಅವರಿಬ್ಬರ ಮಾತನ್ನು ಕನ್ನಡದಲ್ಲಿ ಬರೆದಿಡೋಣ ಅಂತ ಕೂತವನು ನಾನು.

ಡಿಸ್ಟ್ರಿಬ್ಯೂಟರ್‌ಗೆ ನಿಘಂಟು 'ವಿತರಕ' ಅನ್ನುತ್ತದೆ. ನನಗೆ ಗಾಂಧಿನಗರದ ಸಿನಿಮಾದವರು ನೆನಪಾಗುತ್ತಾರೆ. ಸ್ಪೇನಿನಲ್ಲಿ ಕಂಪನಿಯ ಹೆಸರು ಹಿಡಿದು ಸುಮ್ನೆ 'ಡೆಲ್ಕೊ' ಅಂತಾರೆ. ನಾವೂ ಡಿಸ್ಟ್ರಿಬ್ಯೂಟರ್ ಅಂತಲೇ ಇಟ್ಟುಕೊಳ್ಳೋಣ, ಅದರಲ್ಲಿ ನನ್ನದೇನೂ ತಕರಾರಿಲ್ಲ.

ತಕರಾರು ಇರೋದು 'ಅಡ್ವಾನ್ಸ್' ಹತ್ತಿರ. ಪೆಟ್ರೋಲ್ ಉರಿಯೋಕೆ ಒಂದಿಷ್ಟು ಹೊತ್ತು ಬೇಕು. ಅದಕ್ಕೇ ಪಿಸ್ಟನ್ ಮೇಲಕ್ಕೆ ಮುಟ್ಟುವ ಮುಂಚೆಯೇ ಕಿಡಿ ಹಾರಬೇಕು, ಅದೇ ಅಡ್ವಾನ್ಸ್. ಇಂಜಿನ್ ಜೋರಾದಷ್ಟೂ ಇನ್ನೂ ಮುಂಚೆ. ಈ 350ಕ್ಕೆ ಐಡ್ಲಿಂಗ್‌ನಲ್ಲಿ (ಕ್ರ್ಯಾಂಕ್ ತಿರುಗುವ ಲೆಕ್ಕದಲ್ಲಿ) ಸುಮಾರು 8ರಿಂದ 12 ಡಿಗ್ರಿ, ನಿಮಿಷಕ್ಕೆ 3000 ಸುತ್ತು ಮುಟ್ಟುವ ಹೊತ್ತಿಗೆ ಒಟ್ಟು 34-36 ಡಿಗ್ರಿ ಇಡುತ್ತಾರೆ. ಇಂಜೆಕ್ಷನ್ ಇಂಜಿನ್ನಿನ ಡಿಸ್ಟ್ರಿಬ್ಯೂಟರಿಗೆ ಈ ಕೆಲಸ ಬರೋದೇ ಇಲ್ಲ. ಅಲ್ಲಿ ಕಂಪ್ಯೂಟರ್ ಮಾಡುತ್ತಿತ್ತು. ಕಾರ್ಬುರೇಟರ್ ಹಾಕಿದ ಮೇಲೆ ಬೇಕಾದದ್ದು ಒಳಗೆ ತೂಕ, ಸ್ಪ್ರಿಂಗು, ಪಕ್ಕದಲ್ಲಿ ವ್ಯಾಕ್ಯೂಮ್ ಡಬ್ಬಿ ಇರುವ ಹಳೇ ನಮೂನೆ. ಹುಡುಗ 1970ರ ದಶಕದ ಎಚ್‌ಇಐ (ಹೈ ಎನರ್ಜಿ ಇಗ್ನಿಷನ್, ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್) ಆರಿಸಿದ. ಅದಕ್ಕೆ ಪೂರ್ತಿ 12 ವೋಲ್ಟ್ ಬೇಕು. ಹಳೇ ಗಾಡಿಯಲ್ಲಿ ಪಾಯಿಂಟ್ (ಕರೆಂಟ್ ಕಡಿದು ಕೂಡಿಸುವ ಸ್ವಿಚ್ಚು) ಸುಡದಿರಲಿ ಅಂತ ಇದ್ದ ರೆಸಿಸ್ಟೆನ್ಸ್ ವೈರ್ ಬಿಟ್ಟು ಬೇರೆ ವೈರ್ ಎಳೆದ.

ಇಲ್ಲಿವರೆಗೆ ಬರೆಯೋದು ಸಲೀಸು. ಆಮೇಲೆ ಅಣ್ಣ ಫೋನಿನಲ್ಲಿ, "ಟೈಮಿಂಗ್ ಸ್ವಲ್ಪ ಮುಂದಕ್ಕೆ ತಿರುಗ್ಸೋ" ಅಂದ. ಹುಡುಗ ಕ್ಲಾಂಪ್ ಸಡಿಲ ಮಾಡಿ, ಡಿಸ್ಟ್ರಿಬ್ಯೂಟರನ್ನು ಅದರೊಳಗೆ ಸುತ್ತುವ ರೋಟರ್ ಯಾವ ಕಡೆ ಸುತ್ತುತ್ತದೋ ಆ ಕಡೆಗೇ, ಅಂದರೆ ಗಡಿಯಾರದ ಮುಳ್ಳಿನ ಕಡೆಗೇ ತಿರುಗಿಸಿದ. ಇಂಜಿನ್ ಮಂಕಾಯಿತು, ರೇಸ್ ಕೊಟ್ಟರೂ ಏಳಲಿಲ್ಲ. "ಮುಂದಕ್ಕೆ ಅಂದ್ರೆ ಮುಂಚೆ ಕಣೋ, ಆ ಕಡೆಗಲ್ಲ!" ಅಂದ ಅಣ್ಣ. ಶೆವ್ರೊಲೆಯಲ್ಲಿ ಕಿಡಿ ಬೇಗ ಬರಬೇಕಾದರೆ ಡಿಸ್ಟ್ರಿಬ್ಯೂಟರನ್ನು ರೋಟರಿಗೆ ಎದುರಾಗಿ ತಿರುಗಿಸಬೇಕು. (ಹಳೇ ಅಂಬಾಸಿಡರ್‌ನಲ್ಲಿ ರೋಟರೇ ಉಲ್ಟಾ ಸುತ್ತುತ್ತಿತ್ತು, ಆ ಕತೆ ಬೇರೆ.)

ಹುಡುಗನದು ಏನು ತಪ್ಪು ಹೇಳಿ? 'ಮುಂದಿನ ವಾರ' ಅಂದರೆ ಇನ್ನೂ ಬರಬೇಕಾದದ್ದು. ಮದುವೆ 'ಮುಂದೂಡಿದರು' ಅಂದರೆ ತಡ ಮಾಡಿದರು. ಹಾಗಾದರೆ ಕಿಡಿಯನ್ನು ಮುಂದೂಡುವುದು ಅಡ್ವಾನ್ಸಿಗೆ ಸರೀ ಉಲ್ಟಾ! ಆದರೆ 'ಮುಂಚೆ', 'ಮುಂಜಾನೆ'ಗಳಲ್ಲಿ ಇದೇ 'ಮುಂ' ಬೇಗ ಅನ್ನುತ್ತದೆ. ಮೊದಲು ಬರುವ ಮಳೆ ಮುಂಗಾರು, ಆಮೇಲಿನದು ಹಿಂಗಾರು. ಮಾತು ಮುಗಿಯುವ ಮೊದಲೇ ಬರುವ ಸಿಟ್ಟು ಮುಂಗೋಪ. ಕಿಡಿ ಜಾಸ್ತಿ ಬೇಗ ಬಂದರೆ ಇಂಜಿನ್ ಕಟಕಟ ಅನ್ನುವುದೂ ಹಾಗೇ ಅಲ್ವಾ?

'ಮುಂಗಡ' ಬೇಡವೇ ಬೇಡ. ವ್ಯಾಕ್ಯೂಮ್ ಅಡ್ವಾನ್ಸ್‌ಗೆ 'ನಿರ್ವಾತ ಮುಂಗಡ' ಅಂತ ಒಂದು ಕಡೆ ಓದಿದೆ. ಖಾಲಿ ಗಲ್ಲಾಪೆಟ್ಟಿಗೆಯಿಂದ ಸಾಲ ಕೊಟ್ಟ ಹಾಗಿದೆ.

ಮುಂಗಾರಿನ ಜಾಡಿನಲ್ಲಿ ನಾನು 'ಮುಂಗಿಡಿ' ಅಂತ ಕಟ್ಟಿದ್ದೇನೆ. ಅಣ್ಣ ಒಪ್ಪಿದ. ರಿಟಾರ್ಡ್‌ಗೆ, ಅಂದರೆ ಕಿಡಿ ತಡವಾಗುವುದಕ್ಕೆ, ಅದೇ ಲೆಕ್ಕದಲ್ಲಿ 'ಹಿಂಗಿಡಿ' ಅಂದೆ. "ಹಿಂಗ್ ಇಡಿ, ಹಂಗ್ ಇಡಿ ಅಂತ ದಿನಾ ನೂರು ಸಲ ಹೇಳ್ತೀವಿ, ಗ್ಯಾರೇಜಲ್ಲಿ ಯಾರಿಗೆ ಏನು ಅರ್ಥ ಆಗತ್ತೆ?" ಅಂದ. ಅದೂ ಹೋಯಿತು. ಈಗ 'ತಡಗಿಡಿ' ಒಂದೇ ಕೈಲಿದೆ, ಕಿವಿಗೆ ಅಷ್ಟು ಹಿತವಿಲ್ಲ.

ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆಯ ಹಳೇ ಮೆಕ್ಯಾನಿಕ್‌ಗಳು ಇದಕ್ಕೆ ಏನನ್ನುತ್ತಿದ್ದರು? 'ಮುಂದೆ-ಹಿಂದೆ' ಬಿಟ್ಟು ಬೇರೆ ಮಾತು ಯಾರಾದರೂ ಕೇಳಿದ್ದರೆ ಬರೆಯಿರಿ.