ಅಪ್‌ಡೇಟ್: ಬೆಂಗಳೂರು–ಶಿವಮೊಗ್ಗ ವಿಮಾನದಲ್ಲಿ ಸಮಯ ಉಳಿಯುತ್ತಾ?

ರೈಲು ಬಿಟ್ಟು ವಿಮಾನ ಹಿಡಿದರೆ ಲಾಭವಿದೆಯಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆ ಥ್ಯಾಂಕ್ಸ್. ಹಾರಾಟ ಗಂಟೆಯ ಆಸುಪಾಸು, ಸರಿ. ಆದರೆ ಜಯನಗರದಿಂದ ದೇವನಹಳ್ಳಿಗೆ ಎರಡು ಗಂಟೆ ಇಟ್ಟುಕೊಳ್ಳಬೇಕು. ಲಗೇಜ್ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲೇ ಮುಚ್ಚುತ್ತೆ. ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆಯಿಂದ ಊರೊಳಗೆ ಮತ್ತೆ ಅರ್ಧ ಗಂಟೆ. ಒಟ್ಟು ನಾಲ್ಕೂವರೆ. ಜನಶತಾಬ್ದಿಗೂ ಹೆಚ್ಚುಕಡಿಮೆ ಅಷ್ಟೇ! ಯಲಹಂಕ, ಹೆಬ್ಬಾಳದವರಿಗಾದರೆ ವಿಮಾನವೇ ವಾಸಿ.

ಬ್ಯಾಗಿನ ವಿಷಯ: ಈ ಮಾರ್ಗದ ಎಟಿಆರ್ 72 ಎಂಬ ಸಣ್ಣ ವಿಮಾನದಲ್ಲಿ ತಲೆ ಮೇಲಿನ ಗೂಡು ಚಿಕ್ಕದು. ತೂಕ 7 ಕೆಜಿ ಒಳಗಿದ್ದರೂ ಗಟ್ಟಿ ಟ್ರಾಲಿ ಹಿಡಿಸದಿದ್ದರೆ ಮೆಟ್ಟಿಲ ಬಳಿಯೇ ಇಸಕೊಂಡು ಲಗೇಜಿಗೆ ಹಾಕ್ತಾರೆ. ಪವರ್ ಬ್ಯಾಂಕ್ ಲಗೇಜಿನಲ್ಲಿ ಹೋಗುವಂತಿಲ್ಲ, ಬ್ಯಾಗ್ ಕೊಡುವ ಮೊದಲು ಬೇಗ ತೆಗೆದುಕೊಳ್ಳಲು ಅದನ್ನು ಮೇಲಿನ ಜಿಪ್‌ನಲ್ಲೇ ಇಟ್ಟಿರಿ. ಮೆತ್ತನೆ ಬ್ಯಾಗಾದರೆ ಈ ರಗಳೆಯೇ ಇಲ್ಲ.

ಡಿಸೆಂಬರ್–ಜನವರಿಯ ಬೆಳಗಿನ ವಿಮಾನ ದೇವನಹಳ್ಳಿ ಮಂಜಿಗೆ ತಡವಾಗಬಹುದು. ಹಾಗಾಗಿ ಅದೇ ದಿನ ಮುಂದಿನ ವಿಮಾನ ಹಿಡಿಯುವವರು ಎರಡನ್ನೂ ಒಂದೇ ಪಿಎನ್‌ಆರ್‌ನಲ್ಲಿ ಬುಕ್ ಮಾಡಿ.