ಸಹಾಯ ಬೇಕು: ಫ್ಲಟರ್ ಬಟನ್‌ನಲ್ಲಿ ಒತ್ತಕ್ಷರ ಕತ್ತರಿಸಿಹೋಗುತ್ತಿದೆ

ಎಲ್ಲರಿಗೂ ನಮಸ್ಕಾರ. ಫ್ಲಟರ್‌ನಲ್ಲಿ (ಆ್ಯಪ್ ಕಟ್ಟುವ ಟೂಲ್‌ಕಿಟ್) ಮಾಡಿದ ನಮ್ಮ ಆ್ಯಪ್‌ನ ಎಲ್ಲ ಸ್ಕ್ರೀನ್‌ಗಳಿಗೂ ಒಂದೇ ಬಟನ್ ವಿಜೆಟ್ (ಸ್ಕ್ರೀನ್ ಕಟ್ಟುವ ಘಟಕ). ಎತ್ತರ 48 ಎಂದು ಫಿಕ್ಸ್ ಆಗಿರುವುದರಿಂದ, ಫೋನ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ‘ಒಪ್ಪಿಗೆ’, ‘ವಿಳಾಸ ತಿದ್ದಿ’ ಇವುಗಳ ಒತ್ತು ಕೆಳಗೆ ಕತ್ತರಿಸಿಹೋಗುತ್ತದೆ. ಆಂಡ್ರಾಯ್ಡ್ 14ರಿಂದ ಅಕ್ಷರ 200% ವರೆಗೂ ಹಿಗ್ಗುತ್ತದೆ. ವಯಸ್ಸಾದವರೇ ಹೆಚ್ಚು ಬಳಸುವ ಆ್ಯಪ್ ಇದು, ಸ್ಕೇಲಿಂಗ್ ತಡೆಯುವ ಉಪಾಯ ದಯವಿಟ್ಟು ಬೇಡ.

ಕನ್‌ಸ್ಟ್ರೈನ್ಡ್‌ಬಾಕ್ಸ್‌ನಲ್ಲಿ (ಅಳತೆಗೆ ಮಿತಿ ಹಾಕುವ ವಿಜೆಟ್) ಕನಿಷ್ಠ ಎತ್ತರ ಮಾತ್ರ ಕೊಟ್ಟು ಬೆಳೆಯಲು ಬಿಟ್ಟೆ, ಒತ್ತು ಸರಿಹೋಯಿತು. ಆದರೆ ಪಕ್ಕಪಕ್ಕದ ಎರಡು ಬಟನ್‌ಗಳಲ್ಲಿ ಒಂದರ ಪಠ್ಯ ಎರಡು ಸಾಲಾದರೆ ಎತ್ತರ ಏರುಪೇರಾಗುತ್ತದೆ. ಇಂಟ್ರಿನ್ಸಿಕ್‌ಹೈಟ್ (ಒಳಗಿರುವುದಕ್ಕೆ ಬೇಕಾದ ಎತ್ತರವನ್ನು ಮೊದಲೇ ಅಳೆಯುವ ವಿಜೆಟ್) ಹಾಕಿದರೆ ಸಮವಾಗುತ್ತದೆ, ಆದರೆ ಲೇಔಟ್ ಕೆಲಸ (ಅಳತೆ, ಜಾಗದ ಲೆಕ್ಕ) ಹೆಚ್ಚುತ್ತದೆ. ಉದ್ದದ ಲಿಸ್ಟ್‌ನ ಪ್ರತಿ ಕಾರ್ಡ್‌ನಲ್ಲೂ ಹಾಕಲು ಧೈರ್ಯವಿಲ್ಲ.

ಬೇರೆ ದಾರಿ ಗೊತ್ತಿದ್ದವರು ತಿಳಿಸಿ. ಇದನ್ನು ಬಟನ್‌ನೊಳಗೇ ನಿಭಾಯಿಸಬೇಕೋ, ಜೋಡಿ ಬಟನ್‌ಗೆಂದೇ ಬೇರೆ ವಿಜೆಟ್ ಮಾಡಬೇಕೋ?