ಮದುವೆಯಾಗಿ ಎಂಟು ತಿಂಗಳು, ನಮ್ಮ ಮನೆಯಲ್ಲಿ ಇನ್ನೂ ಒಂದು ಹಬ್ಬ ಆಗಿಲ್ಲ

ದಾವಣಗೆರೆಗೆ ಹೊಸಬಳು:

ಎಲ್ಲರಿಗೂ ನಮಸ್ಕಾರ. ದೊಡ್ಡ ಸಮಸ್ಯೆ ಏನಲ್ಲ, ಓದಿ ನಗಬೇಡಿ.

ನನ್ನ ತವರು ತುಮಕೂರು. ನಮ್ಮನೆಯವರದು ಜಗಳೂರು ಕಡೆ ಹಳ್ಳಿ. ಹೋದ ಮೇ ತಿಂಗಳಲ್ಲಿ ಮದುವೆ ಆಯಿತು. ಇಬ್ಬರಿಗೂ ಕೆಲಸ ದಾವಣಗೆರೆಯಲ್ಲೇ, ಹಾಗಾಗಿ ವಿದ್ಯಾನಗರದಲ್ಲಿ ಮಹಡಿ ಮೇಲೆ ಒಂದು ಬಾಡಿಗೆ ಮನೆ ಹಿಡಿದಿದ್ದೇವೆ. ಒಂದು ಹಾಲ್, ಒಂದು ರೂಮು. ಅಡುಗೆಮನೆಯಲ್ಲಿ ಇಬ್ಬರೂ ನಿಂತಿದ್ದರೆ ಫ್ರಿಜ್ ಬಾಗಿಲು ತೆಗೆಯೋಕೆ ಒಬ್ಬರು ಹೊರಗೆ ಬರಬೇಕು.

ದಿನದ ಸಂಸಾರ ಚೆನ್ನಾಗಿಯೇ ನಡೆದಿದೆ. ಬೆಳಿಗ್ಗೆ ಅವರು ಕುಕ್ಕರ್ ಇಡುತ್ತಾರೆ, ನಾನು ಸಾರು ಮಾಡುತ್ತೇನೆ. ರಾತ್ರಿ ಸುಸ್ತಾಗಿದ್ದರೆ ಮಂಡಕ್ಕಿಗೆ ಒಗ್ಗರಣೆ ಹಾಕಿ, ಕೆಳಗಿನ ಗಾಡಿಯಿಂದ ನಾಲ್ಕು ಮಿರ್ಚಿ ತಂದರೆ ಊಟ ಆಯಿತು. (ತುಮಕೂರಿನಲ್ಲಿ ಇದನ್ನು ಊಟ ಅಂತ ಹೇಳಿದರೆ ಅಮ್ಮ ಅತ್ತೇಬಿಡುತ್ತಾಳೆ.)

ತಕರಾರು ಇರುವುದು ಹಬ್ಬದ್ದು. ಮದುವೆಯಾಗಿ ತಿಂಗಳು ಕಳೆಯುವಷ್ಟರಲ್ಲಿ ಆಷಾಢ ಬಂತು, ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಅಂತ ನನ್ನನ್ನು ತುಮಕೂರಿಗೆ ಕಳಿಸಿದರು, ಅತ್ತೆ ಇರುವುದು ಹಳ್ಳಿಯಲ್ಲಿ ನಾನಿರುವುದು ದಾವಣಗೆರೆಯಲ್ಲಿ, ಹೊಸ್ತಿಲೇ ಬೇರೆ ಅಲ್ವಾ ಅಂದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹದಿನೈದು ದಿನ ರಜೆ, ಉಳಿದ ದಿನ ಅಲ್ಲಿಂದಲೇ ಲ್ಯಾಪ್‌ಟಾಪಿನಲ್ಲಿ ಕೆಲಸ. ಪಂಚಮಿಗೆ ಹಳ್ಳಿಯಲ್ಲಿ ಜೋಕಾಲಿ. ಗೌರಿಗೆ ತವರು. ದಸರಾಕ್ಕೆ ಮತ್ತೆ ಹಳ್ಳಿ. ದೀಪಾವಳಿಗೆ ಅಳಿಯನ ಮೊದಲ ಹಬ್ಬ ಅಂತ ತುಮಕೂರಿನಲ್ಲಿ ಎಣ್ಣೆ ಸ್ನಾನ ಮಾಡಿಸಿಕೊಂಡರು, ಪಾಡ್ಯಕ್ಕೆ ಹಿರಿಯರ ಪೂಜೆ ಇದೆ ಅಂತ ಅದೇ ಎಣ್ಣೆ ತಲೆಯಲ್ಲಿ ರಾತ್ರಿ ಬಸ್ಸು ಹತ್ತಿ ಜಗಳೂರಿಗೆ ಓಡಿದೆವು. ಹಬ್ಬ ಅಂದರೆ ನಮಗೆ ಮನೆಗೆ ಬೀಗ ಹಾಕುವ ದಿನ.

ಹಾಲು ಉಕ್ಕಿಸಿದ ದಿನ ಕಟ್ಟಿದ ಮಾವಿನ ತೋರಣ ಇನ್ನೂ ಬಾಗಿಲ ಮೇಲೇ ಇದೆ. ಎಲೆ ಒಣಗಿ ಸುರುಳಿ ಸುತ್ತಿಕೊಂಡಿದೆ. ಬಾಗಿಲು ತೆಗೆದಾಗಲೆಲ್ಲ ಚರಚರ ಅನ್ನುತ್ತದೆ, ಒಂದೊಂದು ಚೂರು ತಲೆ ಮೇಲೆ ಉದುರುತ್ತದೆ. ಸುಮ್ನೆ ಕಿತ್ತು ಹಾಕೋಕೆ ಮನಸ್ಸಿಲ್ಲ, ಹೊಸದು ಕಟ್ಟೋಕೆ ಹಬ್ಬವೇ ಸಿಗುತ್ತಿಲ್ಲ.

ಈಗ ಸಂಕ್ರಾಂತಿ ಬಂತು. ಅಮ್ಮ "ಮೊದಲ ವರ್ಷ, ಎಳ್ಳು ಬೀರಬೇಕು, ಬಾಳೆಹಣ್ಣು ಕೊಡಬೇಕು, ಬಾ" ಅನ್ನುತ್ತಾಳೆ. ನಮ್ಮ ಕಡೆ ಹೊಸದಾಗಿ ಮದುವೆಯಾದವಳು ಮುತ್ತೈದೆಯರಿಗೆ ಎಳ್ಳಿನ ಜೊತೆ ಬಾಳೆಹಣ್ಣು ಕೊಡುತ್ತಾಳೆ, ಮೊದಲ ವರ್ಷ ಐದು, ಹಾಗೇ ಹೆಚ್ಚಿಸುತ್ತಾ ಐದು ವರ್ಷ. ಅತ್ತೆ "ಭೋಗಿಗೇ ಬಂದುಬಿಡಿ, ರೊಟ್ಟಿ ಬಡಿಯೋದಿದೆ" ಅನ್ನುತ್ತಾರೆ. ನನಗೆ ರೊಟ್ಟಿ ಬಡಿಯೋಕೆ ಬರುವುದಿಲ್ಲ. ಚೌಕಿಪೇಟೆಯಲ್ಲಿ ಸಕ್ಕರೆ ಅಚ್ಚು ಕೇಳಿದರೆ ಅಂಗಡಿಯವರು "ಅದು ಗೌರಿ ಹುಣ್ಣಿಮೆಗೆ ಬರೋದಮ್ಮ, ಈಗೆಲ್ಲಿ" ಅಂತ ನನ್ನ ಮುಖ ನೋಡಿದರು.

ಈ ಒಂದು ಹಬ್ಬವನ್ನು ನಮ್ಮ ಮನೆಯಲ್ಲೇ ಮಾಡಬೇಕು ಅಂತ ನಮ್ಮಿಬ್ಬರಿಗೂ ಆಸೆ. ಎರಡೂ ಮನೆಯವರಿಗೆ ಬೇಜಾರಾಗದ ಹಾಗೆ ಹೇಗೆ ಹೇಳೋದು? ಮಾಡಿದರೆ ಯಾರ ಪದ್ಧತಿ ಹಿಡಿಯೋದು?

ಹಳೇಪೇಟೆ ಅಕ್ಕ:

ತಂಗಿ, ನಾನು ನಕ್ಕೆ, ಬೈಕೋಬೇಡ. ಸಕ್ಕರೆ ಅಚ್ಚಿನ ಕಥೆಗೆ.

ನಮ್ಮ ಕಡೆ ಸಕ್ಕರೆ ಗೊಂಬೆ ಅಂದರೆ ಕಾರ್ತಿಕದ ಗೌರಿ ಹುಣ್ಣಿಮೆ. ದೀಪಾವಳಿ ಕಳೆದು ಹದಿನೈದು ದಿನಕ್ಕೆ ಬರುತ್ತದೆ. ಗಂಡನ ಮನೆಯವರು ಹೊಸ ಸೊಸೆಗೆ ಸೀರೆ, ಹೂವಿನ ದಂಡೆ ಜೊತೆಗೆ ಸಕ್ಕರೆ ಆರತಿ ಕೊಡುತ್ತಾರೆ. ನಿನಗೂ ಬಂದಿರಬೇಕಲ್ವಾ? ಅದು ಉಳಿದಿದ್ದರೆ ಎಳ್ಳಿನ ತಟ್ಟೆಗೆ ಅದನ್ನೇ ಇಡು. ಸಕ್ಕರೆ ಕೆಡುವ ಪದಾರ್ಥ ಅಲ್ಲ.

ಇನ್ನು ಇಲ್ಲಿಯ ಸಂಕ್ರಾಂತಿ ಮನೆಯೊಳಗೆ ಕೂರುವ ಹಬ್ಬ ಅಲ್ಲ. ಬೆಳಿಗ್ಗೆ ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಸ್ನಾನ, ಆಮೇಲೆ ಬುತ್ತಿ ಕಟ್ಟಿಕೊಂಡು ಹೊರಗೆ ಹೋಗಿ ಊಟ. ಹರಿಹರ 14 ಕಿಲೋಮೀಟರ್, ಬಸ್ಸು ಸಿಗುತ್ತಲೇ ಇರುತ್ತವೆ, ತುಂಗಭದ್ರೆ ದಂಡೆಯಲ್ಲಿ ಚಾಪೆ ಹಾಸಿ ಕೂತರೆ ಪಕ್ಕದ ಚಾಪೆಯವರೂ ನಿನ್ನ ತಟ್ಟೆಗೆ ಪಲ್ಯ ಹಾಕುತ್ತಾರೆ. ನೀರಿಗೆ ಇಳಿಯುವಾಗ ಮಾತ್ರ ಜೋಪಾನ. ಅಷ್ಟು ದೂರ ಬೇಡ ಅಂದರೆ ಕುಂದುವಾಡ ಕೆರೆ ಪಕ್ಕದ ಗಾಜಿನ ಮನೆಗೆ ಹೋಗಿ, ಅಲ್ಲೂ ಜನ ಬುತ್ತಿ ಬಿಚ್ಚುತ್ತಾರೆ. ಬುತ್ತಿಗೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಮಡಕೆಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಮೊಸರನ್ನ. ಸಿಹಿಗೆ ಮಾದ್ಲಿ. ಇಬ್ಬರಿಗೆ ಇಷ್ಟೆಲ್ಲ ಯಾಕೆ, ರೊಟ್ಟಿ, ಒಂದು ಪಲ್ಯ, ಒಂದು ಚಟ್ನಿಪುಡಿ ಸಾಕು.

ರೊಟ್ಟಿಗೆ ಹೆದರಬೇಡ. ಸಜ್ಜೆ ಹಿಟ್ಟಿಗೆ ಅಂಟು ಕಡಿಮೆ, ತಣ್ಣೀರು ಹಾಕಿದರೆ ಅಂಚೆಲ್ಲ ಸೀಳುತ್ತದೆ. ಚಿಟಿಕೆ ಉಪ್ಪು ಹಾಕಿ ನೀರು ಮಳ್ಳಿಸು, ಹಿಟ್ಟಿನ ಮಧ್ಯೆ ಗುಂಡಿ ಮಾಡಿ ಸುರಿ, ಸೌಟಿನ ಹಿಡಿಯಿಂದ ಕಲಸು. ಕೈ ತಾಳುವಷ್ಟು ಆರಿದ ಮೇಲೆ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು, ನಾದಿದಷ್ಟೂ ಮಾತು ಕೇಳುತ್ತದೆ. ಒಂದೇ ರೊಟ್ಟಿಗೆ ಆಗುವಷ್ಟು ತಗೊಂಡು ನಾದು, ಎಲ್ಲವನ್ನೂ ಒಟ್ಟಿಗೆ ಮಾಡಿ ಇಟ್ಟರೆ ಒಣಗುತ್ತದೆ. ಕೆಳಗೆ ಒಣ ಹಿಟ್ಟು ಉದುರಿಸಿ ಬಡಿ, ಅರ್ಧ ಅಗಲ ಆದಾಗ ಮೇಲೆ ಬಿಳಿ ಎಳ್ಳು ಚೆಲ್ಲಿ ಮತ್ತೆ ಬಡಿ, ಆಗ ಎಳ್ಳು ಕಚ್ಚಿಕೊಳ್ಳುತ್ತದೆ. ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆ ಸವರು, ನೀರು ಆರಿದ ಮೇಲೆ ತಿರುವಿ ಹಾಕು. ಮೊದಲ ನಾಲ್ಕು ರೊಟ್ಟಿ ಆಂಧ್ರದ ನಕ್ಷೆ ಆಗುತ್ತವೆ, ನಿನ್ನ ಯಜಮಾನರು ತಿನ್ನುತ್ತಾರೆ.

ದುರ್ಗದ ಅಳಿಯ:

ನಾನು ಚಿತ್ರದುರ್ಗದವನು, ಹೆಂಡತಿ ಊರು ದಾವಣಗೆರೆ, ಮದುವೆಯಾಗಿ ಮೂರು ವರ್ಷ. ಗಂಡಸರ ಕಡೆಯಿಂದ ಒಂದು ಮಾತು.

ಎರಡೂ ಮನೆಗೆ ನೀವೇ ಫೋನ್ ಮಾಡಬೇಡಿ ಮೇಡಂ. ನಿಮ್ಮ ಅತ್ತೆಗೆ ನಿಮ್ಮ ಯಜಮಾನ್ರೇ ಹೇಳಲಿ, ನಿಮ್ಮ ಅಮ್ಮನಿಗೆ ನೀವು ಹೇಳಿ. ನಾವು ಮೊದಲ ವರ್ಷ ಇದನ್ನು ಉಲ್ಟಾ ಮಾಡಿದೆವು, ನನ್ನವಳು ನನ್ನ ತಾಯಿಗೆ ಫೋನ್ ಮಾಡಿ "ಈ ಸಲ ಬರಲ್ಲ ಅತ್ತೆ" ಅಂದಳು, ಬರದೇ ಇರುವುದು ಇಬ್ಬರ ತೀರ್ಮಾನ ಆಗಿದ್ದರೂ ಅದು ಇವತ್ತಿಗೂ ಅವಳ ಲೆಕ್ಕದಲ್ಲೇ ಇದೆ. ತಪ್ಪು ನನ್ನದು. ನಾನು ಪಕ್ಕದಲ್ಲೇ ಕೂತು ಟಿವಿ ನೋಡುತ್ತಿದ್ದೆ.

ಇನ್ನೊಂದು, "ಬರಲ್ಲ" ಅನ್ನಬೇಡಿ, "ನೀವೇ ಬನ್ನಿ" ಅನ್ನಿ. ಹಳ್ಳಿಯವರು ಹಬ್ಬದ ದಿನ ದನ ಕರು ಬಿಟ್ಟು ಬರೋದು ಕಷ್ಟ, ಬರದೇ ಇರಬಹುದು, ಆದರೆ ಕರೆದರು ಅನ್ನುವುದು ಉಳಿಯುತ್ತದೆ. ನಿಜವಾಗಿ ಬಂದೇಬಿಟ್ಟರೆ ಅನ್ನುವ ಭಯ ಇದ್ದರೆ ದುಗ್ಗಮ್ಮನ ಜಾತ್ರೆ ವರ್ಷ ನೆನಪಿಸಿಕೊಳ್ಳಿ, ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಆಗ ಜಗಳೂರಿನ ಅರ್ಧ ಬಳಗ ನಿಮ್ಮ ಮಹಡಿ ಮೇಲೆ ಮಲಗಿರುತ್ತದೆ. ಇದು ಅದಕ್ಕೆ ರಿಹರ್ಸಲ್.

ಯಾರ ಪದ್ಧತಿ ಅಂತ ಕೇಳಿದಿರಿ. ಹರಿಹರಕ್ಕೆ ಹೋದರೆ ಗುಡಿ ಒಳಗೆ ಹೋಗಿ ಬನ್ನಿ. ಹೊಯ್ಸಳರ ಕಾಲದ್ದು, 13ನೇ ಶತಮಾನ. ಒಂದೇ ಮೂರ್ತಿ, ಬಲಕ್ಕೆ ಹರ, ಎಡಕ್ಕೆ ಹರಿ. ಅಷ್ಟು ದೊಡ್ಡವರೇ ಒಂದೇ ಪೀಠದಲ್ಲಿ ಹೊಂದಿಕೊಂಡಿದ್ದಾರೆ, ನಿಮ್ಮ ತಟ್ಟೆಯಲ್ಲಿ ಎಳ್ಳು ಬೆಲ್ಲದ ಪಕ್ಕ ಸಜ್ಜೆ ರೊಟ್ಟಿ ಕೂರಲ್ವಾ?

ಹಬ್ಬದ ಹಿಂದಿನ ದಿನ ನಲ್ಲಿ ನೀರು ಬರುವ ಸರದಿ ಇದೆಯಾ ನೋಡಿಕೊಳ್ಳಿ. ಡ್ರಮ್ಮು ಖಾಲಿ ಇಟ್ಟುಕೊಂಡು ಹಬ್ಬ ಮಾಡೋಕೆ ಆಗಲ್ಲ, ಅನುಭವ.

ಎರೆಹೊಲ:

ನಾನು ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೊದಲ ವರ್ಷ ಹಿರಿಯರು ಕರೆದಲ್ಲಿಗೆ ಹೋಗಿ. ನಮ್ಮ ಮೊದಲ ದೀಪಾವಳಿಗೆ ರಜೆ ಇಲ್ಲ ಅಂತ ಹಳ್ಳಿಗೆ ಹೋಗಲಿಲ್ಲ, ಮುಂದಿನ ದೀಪಾವಳಿಗೆ ಹಿರಿಯರ ಪೂಜೆಯಲ್ಲಿ ನಮ್ಮ ಮಾವನವರ ಹೆಸರಿನಲ್ಲಿ ಪಂಚೆ ಶರ್ಟು ಇಟ್ಟೆವು. ಸ್ವಂತ ಮನೆ ಹಬ್ಬ ಮುಂದೆ ಎಷ್ಟು ಬೇಕಾದರೂ ಮಾಡಬಹುದು.

ಹಳೇಪೇಟೆ ಅಕ್ಕ:

ಎರೆಹೊಲ ಅವರೇ, ನಿಮ್ಮ ಸಂಕಟ ಅರ್ಥ ಆಗುತ್ತದೆ. ಆದರೆ ಈ ಹುಡುಗಿ ಎಂಟು ತಿಂಗಳಿಂದ ಹೋಗಿಯೇ ಹೋಗುತ್ತಿದ್ದಾಳೆ. ಒಂದು ಸಂಕ್ರಾಂತಿ ಬಿಡಿ.

ದಾವಣಗೆರೆಗೆ ಹೊಸಬಳು:

ಎಲ್ಲರಿಗೂ ಥ್ಯಾಂಕ್ಸ್. ಎರೆಹೊಲ ಅವರ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅದಕ್ಕೇ ಹೀಗೆ ಮಾಡಿದೆವು.

ಇವರು ನಿನ್ನೆ ರಾತ್ರಿ ಅತ್ತೆಗೆ ಫೋನ್ ಮಾಡಿದರು. ನಾನು ಪಕ್ಕದಲ್ಲೇ ಕೂತು ಟಿವಿ ನೋಡುವವಳ ಹಾಗೆ ನಟಿಸಿದೆ. ಅತ್ತೆ ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ "ಮನೆಯಲ್ಲಿ ಹಂಚು ಐತೇನು?" ಅಂದರು. ನಮ್ಮಲ್ಲಿ ಇರುವುದು ದೋಸೆ ಕಾವಲಿ, ಅದೂ ನಾನ್‌ಸ್ಟಿಕ್. ಅದರ ಮೇಲೆ ರೊಟ್ಟಿ ಮಾಡುತ್ತಾಳಂತೆ ಅಂತ ಫೋನಿನಲ್ಲೇ ಮಾವನಿಗೆ ಹೇಳಿ ನಕ್ಕರು. ಭೋಗಿ ದಿನ ಹಂಚು ತಗೊಂಡು ಬಂದು, ಒಂದು ದಿನ ಇದ್ದು ಕಲಿಸಿ ಹೋಗುತ್ತಾರಂತೆ, ಮಾವ ದನ ನೋಡಿಕೊಳ್ಳುತ್ತಾರಂತೆ. ಹಾಗಾಗಿ ಸ್ವಂತ ಹಬ್ಬ ಅಂದುಕೊಂಡಿದ್ದು ಅರ್ಧ ಅತ್ತೆ ಹಬ್ಬ ಆಯಿತು, ಆದರೆ ನಡೆಯೋದು ನಮ್ಮ ಮನೆಯಲ್ಲಿ, ಬೀಗ ಹಾಕೋದಿಲ್ಲ.

ಅಮ್ಮನಿಗೆ ಮುನಿಸು ಇನ್ನೂ ಇದೆ. ಎಳ್ಳು, ಕೊಬ್ಬರಿ, ಬೆಲ್ಲ ಎಲ್ಲ ಅವಳೇ ಹೆಚ್ಚಿ ಬಸ್ಸಿನಲ್ಲಿ ಕಳಿಸುತ್ತಾಳಂತೆ, ನಾನು ಹೆಚ್ಚಿದರೆ ಬೆಲ್ಲ ಕಲ್ಲಿನ ಗಾತ್ರ ಇರುತ್ತದೆ ಅಂತ. ಬಾಳೆಹಣ್ಣು ಕೆಳಗಿನ ಮನೆ ಆಂಟಿಗೂ, ಎದುರು ಮನೆಯ ಇಬ್ಬರಿಗೂ ಕೊಡುತ್ತೇನೆ. ಅವರಿಗೆ ಈ ಪದ್ಧತಿ ಗೊತ್ತಿಲ್ಲ, ಯಾಕೆ ಐದೈದು ಅಂತ ಕೇಳುತ್ತಾರೆ, ಹೇಳಿದರಾಯಿತು.

ಅಕ್ಕ, ಸಕ್ಕರೆ ಆರತಿ ಬಂದಿತ್ತು. ನಾನು ಆವತ್ತು ಇದೇನು ನವೆಂಬರಿನಲ್ಲೇ ಸಂಕ್ರಾಂತಿ ಅಂದುಕೊಂಡಿದ್ದೆ. ಡಬ್ಬಿ ತೆಗೆದು ನೋಡಿದೆ, ತೇರು, ನವಿಲು ಚೆನ್ನಾಗಿವೆ. ಆನೆಗೆ ಸೊಂಡಿಲಿಲ್ಲ. ಇವರನ್ನು ಕೇಳಿದರೆ, ಒಂದು ದಿನ ಸಕ್ಕರೆ ಮುಗಿದಿತ್ತು, ಟೀಗೆ ಹಾಕಿಕೊಂಡೆ ಅಂದರು.

ಒಂದೇ ಒಂದು ಕೇಳೋದಿದೆ. ಸಜ್ಜೆ ಈಗಲೇ ತಂದು ಬೀಸಿಸಿ ಇಟ್ಟುಕೊಳ್ಳಲಾ? ಎಷ್ಟು ಬೇಕು?

ಹಳೇಪೇಟೆ ಅಕ್ಕ:

ಈಗಲೇ ಬೀಸಿಸಬೇಡ. ಸಜ್ಜೆ ಹಿಟ್ಟು ಜೋಳದ ಹಿಟ್ಟಿನ ಹಾಗೆ ಅಲ್ಲ, ಇಟ್ಟರೆ ಬೇಗ ಕಹಿ ಬರುತ್ತದೆ. ಕಾಳು ತಂದು ಬಿಸಿಲಿಗೆ ಹಾಕಿ ಇಟ್ಟುಕೋ. ಮೂರು ಜನಕ್ಕೆ ಒಂದು ಕೆಜಿ ಸಾಕು, ಕಲಿಯುವಾಗ ಹಾಳಾಗುವುದೂ ಸೇರಿ. ಭೋಗಿ ಹಿಂದಿನ ದಿನ ಗಿರಣಿ ಮುಂದೆ ಡಬ್ಬಿಗಳ ಸಾಲು ಬೀದಿಗೆ ಬಂದಿರುತ್ತದೆ, ಎರಡು ದಿನ ಮೊದಲೇ ಹೋಗು. ಬರುವಾಗ ಮಾವಿನ ಎಲೆ ತಗೊಂಡು ಬಾ.